ಆ ಕಾಯಿದೆಯಲ್ಲಿ ಯಾರ ಹೆಸರುಂಟು?



ಕಳೆದ ಸುಗ್ಗಿಯ ಕಾಲದಲ್ಲಿ ಬಳ್ಳಾರಿಯ ಗಾಂಧಿನಗರದ ಒಂದು ಮನೆಯಲ್ಲಿ ಸಾಯಂಕಾಲದ ಪ್ರಾರ್ಥನೆ ಮುಗಿದ ಮೇಲೆ, ಸಿರುಗುಪ್ಪದ ಕಡೆಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಹಿರಿಯರು ನನ್ನನ್ನು ತಡೆದು ನಿಲ್ಲಿಸಿದರು. ಅವರು ಓದು ಬಲ್ಲವರಲ್ಲ. ಮೊಮ್ಮಗನು ದಿನಾಲು ವರ್ತಮಾನ ಪತ್ರಿಕೆಯನ್ನು ಓದಿ ಹೇಳುತ್ತಾನೆ. ದೂರದೇಶದ ಯುದ್ಧದ ವರ್ತಮಾನಗಳಲ್ಲಿ 'ಜನಾಂಗಹತ್ಯೆ' ಎಂಬ ಮಾತು ಪದೇ ಪದೇ ಬಂದದ್ದರಿಂದ ಅವರಿಗೆ ಎರಡು ಸಂದೇಹಗಳು ಹುಟ್ಟಿದ್ದವು. "ಅಯ್ಯನವರೇ, ಒಬ್ಬನನ್ನ ಕೊಂದರೂ ಕೊಲೆ, ಊರನ್ನೇ ಕೊಂದರೂ ಕೊಲೆ. ತಲೆ ಎಣಿಸಿ ಶಿಕ್ಷೆ ಕೊಟ್ಟರಾಯಿತು. ಇದಕ್ಕೆ ಬೇರೆ ಹೆಸರಿಟ್ಟು ಬೇರೆ ಕಾಯಿದೆ ಯಾತಕ್ಕ ಮಾಡಿದರು?" ಇದು ಮೊದಲನೆಯದು. ಎರಡನೆಯದನ್ನು ಸ್ವಲ್ಪ ತಡೆದು ಕೇಳಿದರು: "ಆ ಕಾಯಿದೆಯಾಗ ನಮ್ಮ ಹೆಸರು ಐತೇನ್ರಿ?"

ಮೊದಲನೆಯದಕ್ಕೆ ಅಲ್ಲಿಯೇ ನಿಂತು ಉತ್ತರ ಹೇಳಿದೆನು. ಎರಡನೆಯದಕ್ಕೆ ಉತ್ತರವನ್ನು ಹುಡುಕುವದರಲ್ಲಿ ನನಗೆ ಎರಡು ತಿಂಗಳು ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತೇನೆ.

ಎಸ್ತೇರಳ ಗ್ರಂಥದಲ್ಲಿರುವ ಹಾಮಾನನ ಸಂಗತಿಯನ್ನು ನಮ್ಮ ಭಾನುವಾರದ ಶಾಲೆಯ ಮಕ್ಕಳೂ ಬಲ್ಲರು. ಅವನಿಗೆ ಕೋಪವಿದ್ದದ್ದು ಮೊರ್ದೆಕೈ ಎಂಬ ಒಬ್ಬನ ಮೇಲೆ. ಅದೂ ತನಗೆ ಅಡ್ಡಬೀಳಲಿಲ್ಲವೆಂಬ ಅಲ್ಪ ಕಾರಣಕ್ಕಾಗಿ. ಆದರೆ ಅವನು ಯಾವ ಕುಲದವನೆಂದು ತಿಳಿದ ಕೂಡಲೆ ಒಬ್ಬನನ್ನು ಮಾತ್ರ ಕೊಲ್ಲಿಸುವದು ಹಾಮಾನನಿಗೆ ಸಾಲದೆ ಹೋಯಿತು. ಆ ಕುಲದಲ್ಲಿ ಒಂದು ಕೂಸೂ ಉಳಿಯಬಾರದೆಂದು ರಾಜಮುದ್ರೆಯನ್ನೊತ್ತಿದ ಪತ್ರಗಳನ್ನು 127 ಸಂಸ್ಥಾನಗಳಿಗೆ ಕಳುಹಿಸಿದನು. (ಆ ಸಂಸ್ಥಾನಗಳ ಮೇರೆಯನ್ನು ಹೇಳುವಾಗ ಹಿಂದೂಸ್ಥಾನದ ಹೆಸರೇ ಮೊದಲು ಬರುವದನ್ನು ವಾಚಕರು ಗಮನಿಸಿರಬಹುದು.) ದಾರಿಗಳ್ಳನು ಕೈಚೀಲಕ್ಕಾಗಿ ಪ್ರಯಾಣಿಕನನ್ನು ಕೊಲ್ಲುತ್ತಾನೆ, ಚೀಲವನ್ನು ಕೊಟ್ಟರೆ ಒಂದು ವೇಳೆ ಬಿಟ್ಟಾನು. ಹಾಮಾನನ ಪತ್ರಕ್ಕೆ ಗುರಿಯಾದವನು ಏನನ್ನು ಕೊಟ್ಟರೂ ಬಿಡುಗಡೆಯಿಲ್ಲ. ಅವನು ಮಾಡಿದ ತಪ್ಪು ಯಾವದಂದರೆ, ಅವನು ಇರುವದೇ. ಆ ಪತ್ರದಿಂದ ಕಡೆಗೆ ಯೆಹೂದ್ಯರು ನಾಶವಾಗಲಿಲ್ಲ. ಆದಾಗ್ಯೂ ಆ ಪತ್ರವು ಸಾಧಾರಣ ಕೊಲೆಯ ಸಂಚು ಅಲ್ಲವೆಂಬದನ್ನು ಯಾರಾದರೂ ಒಪ್ಪುವರು. ಬೇರೆ ಹೆಸರು ಬೇಕಾದದ್ದು ಇದಕ್ಕಾಗಿಯೇ. ತಲೆಗಳ ಲೆಕ್ಕದಿಂದ ಈ ಅಪರಾಧವು ಗೊತ್ತಾಗುವದಿಲ್ಲ, ಉದ್ದೇಶದಿಂದ ಗೊತ್ತಾಗುವದು.

ಬಹುಕಾಲ ಇದಕ್ಕೆ ಹೆಸರೇ ಇರಲಿಲ್ಲ. ರಾಫೆಲ್ ಲೆಮ್‌ಕಿನ್ ಎಂಬ ಪೋಲೆಂಡು ದೇಶದ ಯೆಹೂದ್ಯ ನ್ಯಾಯಶಾಸ್ತ್ರಜ್ಞರು 1944ರಲ್ಲಿ ಗ್ರೀಕ್ ಶಬ್ದವೊಂದನ್ನೂ ಲ್ಯಾಟಿನ್ ಶಬ್ದವೊಂದನ್ನೂ ಕೂಡಿಸಿ 'ಜಿನೋಸೈಡ್' ಎಂಬ ಹೊಸ ಮಾತನ್ನು ಕಟ್ಟಿದರು. ಅವರ ತಂದೆತಾಯಿಗಳೂ ಬಂಧುಬಳಗದವರಲ್ಲಿ ಬಹುಮಂದಿಯೂ ಹಿಟ್ಲರನ ಆಳಿಕೆಯಲ್ಲಿ ಹತರಾದರು. ನಮ್ಮ ಪತ್ರಿಕೆಗಳವರು ಆ ಮಾತನ್ನು ಕೆಲವು ಸಾರಿ 'ನರಮೇಧ' ಎಂದೂ 'ಮಾರಣಹೋಮ' ಎಂದೂ ಬರೆಯುವರು. ಮೇಧ, ಹೋಮ ಎಂಬವು ಪೂಜೆಯ ಮಾತುಗಳು. ಕೊಲೆಗಡುಕನ ಕೆಲಸವನ್ನು ಯಾವ ದೇವರ ಲೆಕ್ಕಕ್ಕೂ ಹಾಕುವದು ನನಗೆ ಸರಿದೋರುವದಿಲ್ಲ. ಆದಕಾರಣ ಹಿರಿಯರು ಕೇಳಿದ ಮಾತನ್ನೇ ನಾನೂ ಹಿಡಿದಿದ್ದೇನೆ.

1946ನೆಯ ಇಸವಿ ದಶಂಬರ 11ರಂದು ವಿಶ್ವಸಂಸ್ಥೆಯ ಮಹಾಸಭೆಯು ಜನಾಂಗಹತ್ಯೆಯು ರಾಷ್ಟ್ರಗಳ ನಡುವಣ ಕಾನೂನಿಗೆ ವಿರುದ್ಧವಾದ ಅಪರಾಧವೆಂದು ಠರಾಯಿಸಿತು. ಆ ಠರಾವನ್ನು ತರಬೇಕೆಂದು ಬೇಡಿದ ದೇಶಗಳು ಮೂರು: ಕ್ಯೂಬಾ, ಪನಾಮಾ, ಮತ್ತು ಆಗಿನ್ನೂ ಸ್ವಾತಂತ್ರ್ಯವನ್ನು ಹೊಂದದಿದ್ದ ನಮ್ಮ ಹಿಂದೂಸ್ಥಾನ. ಆ ಠರಾವಿನಲ್ಲಿ ಬಾಗಿಲು ದೊಡ್ಡದಾಗಿತ್ತು. ಜನಾಂಗ, ಮತ, ರಾಜಕೀಯ ಮೊದಲಾದ ಗುಂಪುಗಳು ಎಂದು ಬರೆದಿದ್ದರು. ಎರಡು ವರುಷ ಚರ್ಚೆಯಾದ ಮೇಲೆ 1948ರ ದಶಂಬರ 9ರಂದು ಪ್ಯಾರಿಸಿನಲ್ಲಿ ಒಡಂಬಡಿಕೆಯು ಸಿದ್ಧವಾದಾಗ ಆ ಬಾಗಿಲು ಕಿರಿದಾಗಿತ್ತು. ಅದರ ಎರಡನೆಯ ವಿಧಿಯಲ್ಲಿ ನಾಲ್ಕೇ ಹೆಸರುಗಳು ನಿಂತವು: ರಾಷ್ಟ್ರದಿಂದ ಒಂದಾದ ಗುಂಪು, ಕುಲಸಂಸ್ಕೃತಿಯಿಂದ ಒಂದಾದ ಗುಂಪು, ಜನಾಂಗದಿಂದ ಒಂದಾದ ಗುಂಪು, ಮತದಿಂದ ಒಂದಾದ ಗುಂಪು. ಇಂಥ ಗುಂಪನ್ನು ಪೂರ್ಣವಾಗಿಯಾಗಲಿ ಭಾಗಶಃವಾಗಿಯಾಗಲಿ ಅದು ಆ ಗುಂಪಾಗಿರುವ ಕಾರಣಕ್ಕಾಗಿಯೇ ನಾಶಮಾಡುವ ಉದ್ದೇಶದಿಂದ ಕೊಲ್ಲುವದು, ದೇಹಕ್ಕೂ ಮನಸ್ಸಿಗೂ ಘೋರವಾದ ಹಾನಿ ಮಾಡುವದು, ಬದುಕಲಾರದಂಥ ಸ್ಥಿತಿಗೆ ತಳ್ಳುವದು, ಮಕ್ಕಳು ಹುಟ್ಟದಂತೆ ತಡೆಯುವದು, ಹುಟ್ಟಿದ ಮಕ್ಕಳನ್ನು ಬಲಾತ್ಕಾರದಿಂದ ಬೇರೆ ಗುಂಪಿಗೆ ಒಯ್ಯುವದು, ಇವು ಜನಾಂಗಹತ್ಯೆಯ ಐದು ರೀತಿಗಳು.

ರಾಜಕೀಯ ಗುಂಪುಗಳು ಯಾಕೆ ಬಿಟ್ಟುಹೋದವು? ರಷ್ಯದವರೂ ಬೇರೆ ಕೆಲವರೂ ಹೇಳಿದ್ದೇನಂದರೆ, ಪಕ್ಷವು ಇಂದು ಸೇರಿ ನಾಳೆ ಬಿಡಬಹುದಾದ ವಸ್ತು. ಕುಲವೋ ಹುಟ್ಟಿನಿಂದ ಬಂದದ್ದು, ಸಾಯುವ ತನಕ ಬಿಡದು. ಆದಕಾರಣ ಬಿಡಲಾರದ್ದನ್ನು ಮಾತ್ರ ಕಾಯಬೇಕು. ತಮ್ಮ ತಮ್ಮ ವಿರೋಧಿಗಳನ್ನು ಅಡಗಿಸುವಾಗ ಈ ಕಾಯಿದೆಯು ತಮ್ಮ ಕೈಯನ್ನು ಹಿಡಿಯಬಾರದೆಂಬ ಲೆಕ್ಕವೂ ಕೆಲವರ ಮನಸ್ಸಿನಲ್ಲಿತ್ತೆಂದು ಹೇಳಿದರೆ ತಪ್ಪಾಗದು. ಆ ವಾದವನ್ನು ಓದಿದಾಗ ನನಗೆ ಆಶ್ಚರ್ಯವೇ ಆಯಿತು. ಮತವು ಹುಟ್ಟಿನಿಂದ ಬಂದು ಬಿಡಲಾರದ ವಸ್ತುವಾಗಿದ್ದರೆ ನಾವು, ಈ ಪತ್ರಿಕೆಯನ್ನು ಓದುವವರು, ಯಾರು? ನಮ್ಮ ಅಜ್ಜಂದಿರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರಷ್ಟೆ. ಬಿಡಬಹುದಾದ ಮತವನ್ನು ಕಾಯಿದೆಯು ಕಾಯುವದಾದರೆ, ಅದು ಕಾಯುವದು ಮನುಷ್ಯನ ಹುಟ್ಟನ್ನು ಮಾತ್ರವಲ್ಲ. ಪ್ರಾಣ ಹೋದರೂ ಬಿಡಬೇಕೆಂದು ಯಾರನ್ನೂ ಬಲಾತ್ಕರಿಸಬಾರದಂಥದ್ದನ್ನು ಕಾಯುವದು. ಆ ಮಾತನ್ನು ಒಪ್ಪಿದರೆ ರಾಜಕೀಯ ನಂಬಿಕೆಯನ್ನು ಹೊರಗೆ ನಿಲ್ಲಿಸಿದ ಕಾರಣವು ಗಟ್ಟಿಯಾಗಿ ನಿಲ್ಲುವದಿಲ್ಲ.

ಹೊರಗೆ ನಿಲ್ಲಿಸಿದ್ದರ ಫಲವನ್ನು ಕಾಂಬೋಡಿಯದಲ್ಲಿ ನೋಡಬಹುದು. ಅಲ್ಲಿ 1975ರಿಂದ 1979ರ ವರೆಗೆ ಹೆಚ್ಚುಕಡಿಮೆ 17 ಲಕ್ಷ ಜನರು ಸತ್ತರು. ಸತ್ತವರಲ್ಲಿ ಬಹುಮಂದಿಯೂ ಕೊಲ್ಲಿಸಿದವರೂ ಒಂದೇ ಖ್ಮೇರ್ ಕುಲದವರು. 2018ರ ನವಂಬರಿನಲ್ಲಿ ತೀರ್ಪಾದಾಗ, ವಿಯೆಟ್ನಾಮಿನವರನ್ನೂ ಚಾಮ್ ಎಂಬ ಮುಸಲ್ಮಾನರನ್ನೂ ಕೊಂದದ್ದಕ್ಕೆ ಮಾತ್ರ ಜನಾಂಗಹತ್ಯೆಯೆಂಬ ಹೆಸರು ಸಲ್ಲಿತು. ಮಿಕ್ಕ ಲಕ್ಷಾಂತರ ಜನರ ಸಾವು 'ಮಾನವಕುಲದ ವಿರುದ್ಧ ಅಪರಾಧ' ಎಂಬ ಬೇರೆ ಶೀರ್ಷಿಕೆಯ ಕೆಳಗೆ ಹೋಯಿತು. ಶಿಕ್ಷೆಯಲ್ಲಿ ಕೊರತೆಯಾಗಲಿಲ್ಲ, ಹೆಸರಿನಲ್ಲಿ ಆಯಿತು. ಕೆಲವು ದೇಶಗಳವರು ತಮ್ಮ ಸ್ವಂತ ಕಾಯಿದೆಗಳಲ್ಲಿ ಬಾಗಿಲನ್ನು ಅಗಲ ಮಾಡಿಕೊಂಡಿದ್ದಾರೆ. ಬಂಗ್ಲಾದೇಶದವರ 1973ರ ಕಾಯಿದೆಯಲ್ಲಿ ರಾಜಕೀಯ ಗುಂಪಿನ ಹೆಸರುಂಟು. ಫ್ರಾನ್ಸಿನ ದಂಡಸಂಹಿತೆಯಲ್ಲಿ, ಕೊಲ್ಲುವವನು ಮನಸ್ಸಿಗೆ ಬಂದ ಯಾವ ಗುರುತಿನಿಂದ ಒಂದು ಗುಂಪನ್ನು ಬೇರ್ಪಡಿಸಿದರೂ ಸಾಕೆಂಬ ಅರ್ಥದ ಮಾತುಂಟು.

ಇದೆಲ್ಲಾ ದೂರದ ಸಂಗತಿಯೆಂದು ತಿಳಿಯಬಾರದು. ಪ್ಯಾರಿಸಿನಲ್ಲಿ ಈ ನಾಲ್ಕು ಹೆಸರುಗಳ ಚರ್ಚೆ ನಡೆಯುತ್ತಿದ್ದ ವರುಷವೇ ನಮ್ಮ ತುಂಗಭದ್ರೆಯ ಆಚೆಯಲ್ಲಿ ಏನಾಯಿತೆಂಬದನ್ನು ಸಿರುಗುಪ್ಪದ ಹಿರಿಯರು ತಮ್ಮ ತಂದೆಯ ಬಾಯಿಂದ ಕೇಳಿದ್ದಾರೆ. ಆಗ ಈ ದಡ ಮದ್ರಾಸ್ ಪ್ರಾಂತ, ಆ ದಡ ನಿಜಾಮರ ಸೀಮೆ. ರಜಾಕಾರರ ಹಾವಳಿಗೆ ಹೆದರಿ ಜನರು ಗಂಟುಮೂಟೆ ಕಟ್ಟಿಕೊಂಡು ಹರಿಗೋಲಿನಲ್ಲಿ ಈಚೆಗೆ ದಾಟಿದರೆಂದು ಅವರು ಹೇಳುವರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ಬಹುಮಂದಿ ಹಿಂದೂಗಳನ್ನು ಕೊಂದರು. ತ್ರಿವರ್ಣ ಧ್ವಜವನ್ನು ಏರಿಸಿದ ಸಂಗತಿಯಿಂದ ಆ ಕಲಹವು ಮೊದಲಾಯಿತೆಂದು ಆ ಭಾಗದವರು ಹೇಳುವರು. ಹಾಗಾದರೆ ಅಲ್ಲಿ ಸತ್ತವನು ಹಿಂದುವೆಂದು ಸತ್ತನೋ, ಧ್ವಜದ ಪಕ್ಷದವನೆಂದು ಸತ್ತನೋ? ಮೊದಲನೆಯದಾದರೆ ಒಡಂಬಡಿಕೆಯಲ್ಲಿ ಅವನ ಹೆಸರುಂಟು, ಎರಡನೆಯದಾದರೆ ಇಲ್ಲ. ಅವನ ಹೆಂಡತಿಗೆ ಈ ಭೇದವನ್ನು ಯಾರು ತಿಳಿಸಿ ಹೇಳಬೇಕು?

ಅದೇ ವರುಷದ ಸಪ್ಟಂಬರಿನಲ್ಲಿ ಹಿಂದೂಸ್ಥಾನದ ಸೈನ್ಯವು ಹೈದರಾಬಾದನ್ನು ಹೊಕ್ಕಿತು. ಐದು ದಿನಗಳಲ್ಲಿ ಕೆಲಸ ಮುಗಿಯಿತು. ಆಮೇಲೆ ಹಗೆಯು ತಿರುಗಿ ಬಿದ್ದದ್ದು ಮುಸಲ್ಮಾನ ಪ್ರಜೆಗಳ ಮೇಲೆ. ಅವರಲ್ಲಿ ಬಹುಮಂದಿಗೆ ರಜಾಕಾರರ ಸಂಗಡ ಯಾವ ಸಂಬಂಧವೂ ಇರಲಿಲ್ಲ. ಸರಕಾರದಿಂದ ಕಳುಹಿಸಲ್ಪಟ್ಟ ಪಂಡಿತ ಸುಂದರಲಾಲರೂ ಅವರ ಜೊತೆಯವರೂ ನವಂಬರದ ಕೊನೆಯಿಂದ ದಶಂಬರ 21ರ ವರೆಗೆ ಆ ಸೀಮೆಯಲ್ಲಿ ಸಂಚರಿಸಿ, ಒಟ್ಟಿಗೆ 27,000ದಿಂದ 40,000 ಜನರ ಪ್ರಾಣ ಹೋಗಿರಬೇಕೆಂದು ಅಂದಾಜು ಮಾಡಿದರು. ಹೆಚ್ಚು ಕೇಡಾದ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗ, ಬೀದರಗಳೂ ಸೇರಿದ್ದವು. ಅವರು ಸಂಚರಿಸುತ್ತಿದ್ದ ಅದೇ ದಿನಗಳಲ್ಲಿ ಪ್ಯಾರಿಸಿನಲ್ಲಿ ಒಡಂಬಡಿಕೆಗೆ ಒಪ್ಪಿಗೆ ಬಿದ್ದಿತು. ವರದಿಯು ಬಹುಕಾಲ ಬೆಳಕಿಗೆ ಬರಲಿಲ್ಲ. ಇದನ್ನು ಜನಾಂಗಹತ್ಯೆಯೋ ಅಲ್ಲವೋ ಎಂದು ಯಾವ ನ್ಯಾಯಾಲಯವೂ ವಿಚಾರಿಸಲಿಲ್ಲವಾದ್ದರಿಂದ ನಾನೂ ತೀರ್ಪು ಹೇಳತಕ್ಕವನಲ್ಲ. ಆದರೆ ಆ ವರದಿಯಲ್ಲಿ ಒಂದು ಸಂಗತಿಯುಂಟು. ಅದನ್ನು ಬಿಟ್ಟು ಮುಂದೆ ಹೋಗಲಾರೆ. ಕೆಲವು ಸ್ಥಳಗಳಲ್ಲಿ ಹಿಂದೂ ನೇಕಾರರು ತಮ್ಮ ಪ್ರಾಣವನ್ನು ಕೊಟ್ಟಾದರೂ ಮುಸಲ್ಮಾನ ನೇಕಾರರನ್ನು ಕಾಪಾಡಿದರಂತೆ. ಕೊಲ್ಲಲು ಬಂದವನು ಒಂದು ಹೆಸರಿನಿಂದ ಮನುಷ್ಯರನ್ನು ಬೇರೆ ಮಾಡಿದನು. ಮಗ್ಗದವನು ಇನ್ನೊಂದು ಹೆಸರಿನಿಂದ ಕೂಡಿಸಿದನು.

ನದಿಯ ದಡದಲ್ಲಿ ಮನುಷ್ಯರನ್ನು ವಿಂಗಡಿಸುವ ಕಥೆ ನ್ಯಾಯಸ್ಥಾಪಕರ ಗ್ರಂಥದಲ್ಲಿಯೂ ಇದೆ. ಗಿಲ್ಯಾದಿನವರು ಯೊರ್ದನಿನ ಕಡವುಗಳನ್ನು ಹಿಡಿದು, ದಾಟಲು ಬಂದ ಒಬ್ಬೊಬ್ಬನ ಬಾಯಿಂದಲೂ 'ಷಿಬ್ಬೋಲೆತ್' ಎಂದು ಅನ್ನಿಸಿದರು. ಎಫ್ರಾಯೀಮ್ಯನ ನಾಲಿಗೆಗೆ ಷಕಾರ ಹೊರಳದು. ಸಕಾರ ಬಂದರೆ ಅಲ್ಲಿಯೇ ಕೊಲೆ. ಸತ್ತವರು 42,000. ಇವರಿಬ್ಬರಿಗೂ ಪಿತೃ ಒಬ್ಬನೇ, ದೇವರು ಒಬ್ಬನೇ, ಭಾಷೆಯೂ ಒಂದು ಅಕ್ಷರದ ಹೊರತು ಒಂದೇ. ಇವರನ್ನು ಬೇರೆ ಬೇರೆ ಗುಂಪೆಂದು ಯಾವ ಪಂಡಿತನು ಒಪ್ಪಿಯಾನು? ಒಪ್ಪಿದವನು ಕತ್ತಿ ಹಿಡಿದವನೊಬ್ಬನೇ.

ರುವಾಂಡದ ನ್ಯಾಯಾಧೀಶರಿಗೆ ಬಂದ ತೊಡಕು ಇಂಥದ್ದೇ. ಆ ದೇಶದಲ್ಲಿ 1994ರ ಏಪ್ರಿಲಿನಿಂದ ಜುಲೈ ವರೆಗೆ, ಹೆಚ್ಚುಕಡಿಮೆ ನೂರು ದಿನಗಳಲ್ಲಿ, 8 ಲಕ್ಷ ಜನರು ಸತ್ತರೆಂದು ಅಂದಾಜು. ಅವರಲ್ಲಿ ಬಹುಮಂದಿ ತುತ್ಸಿಗಳು. ಕೊಂದವರಿಗೂ ಸತ್ತವರಿಗೂ ಭಾಷೆ ಒಂದೇ, ಮತ ಒಂದೇ. ಆ ಮತ ನಮ್ಮದೇ ಎಂದು ನಾಚಿಕೆಯಿಂದ ಬರೆಯಬೇಕಾಗಿದೆ. ದೇವಾಲಯಗಳಲ್ಲಿ ಆಶ್ರಯ ಹೊಕ್ಕವರು ದೇವಾಲಯಗಳಲ್ಲಿಯೇ ಹತರಾದರು. ಇವರು ಬೇರೆ ಕುಲವೆಂದು ಹೇಳುವದು ಹೇಗೆ? 1998ರ ಸಪ್ಟಂಬರ 2ರಂದು ಆರೂಷಾ ಪಟ್ಟಣದಲ್ಲಿ ಕೂತ ನ್ಯಾಯಮಂಡಲಿಯು ಅಕಯೇಸು ಎಂಬ ಅಧಿಕಾರಿಯ ವಿಷಯದಲ್ಲಿ ತೀರ್ಪು ಕೊಡುವಾಗ ಗುರುತಿನ ಚೀಟಿಗಳನ್ನು ನೋಡಿತು. ಬೆಲ್ಜಿಯಮಿನವರು ಆಳುತ್ತಿದ್ದಾಗ ಒಬ್ಬೊಬ್ಬನ ಚೀಟಿಯಲ್ಲಿಯೂ ಹೂತು, ತುತ್ಸಿ ಎಂದು ಬರೆಯಿಸಿದ್ದರು; ಆ ಬರಹವೇ ತಲೆಮಾರಿನಿಂದ ತಲೆಮಾರಿಗೆ ಇಳಿದು ದಾರಿಯ ತಡೆಗಳಲ್ಲಿ ಯಮನ ಓಲೆಯಾಯಿತು. ಇಂಥ ಸ್ಥಿರವಾದ ಗುಂಪನ್ನು ಕಾಯುವದೇ ಒಡಂಬಡಿಕೆಯ ಇಚ್ಛೆಯೆಂದು ನ್ಯಾಯಮಂಡಲಿಯು ಹೇಳಿತು. ಆಮೇಲಿನ ತೀರ್ಪುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಲ್ಲುವವನು ತನ್ನ ಮನಸ್ಸಿನಲ್ಲಿ ಅವರನ್ನು ಯಾವ ಗುಂಪಿನವರೆಂದು ಎಣಿಸಿದನೋ ಅದನ್ನೂ ಲೆಕ್ಕಕ್ಕೆ ತಕ್ಕೊಳ್ಳಬೇಕೆಂದರು. ಇದು ನನಗೆ ಬಹಳ ಸರಿದೋರಿತು. ಷಿಬ್ಬೋಲೆತ್ ಎಂದು ಅನ್ನಿಸಿದವನ ಅಪರಾಧವನ್ನು ಅಳೆಯಲು ಅವನು ಹಿಡಿದ ಅಳತೆಗೋಲನ್ನೇ ತರಬೇಕಲ್ಲವೇ?

ಇನ್ನು ನಮ್ಮ ದೇಶದ ಕಾಯಿದೆಗೆ ಬರೋಣ. 1946ರಲ್ಲಿ ಮೊದಲಾಗಿ ಕೈಯೆತ್ತಿದ ಹಿಂದೂಸ್ಥಾನವು 1959ರ ಆಗಸ್ಟ್ 27ರಂದು ಒಡಂಬಡಿಕೆಯನ್ನು ಸ್ಥಿರಪಡಿಸಿತು. ಒಡಂಬಟ್ಟ ದೇಶವು ಅದಕ್ಕೆ ತಕ್ಕ ಕಾಯಿದೆಯನ್ನು ತನ್ನಲ್ಲಿ ಮಾಡಬೇಕೆಂದು ಐದನೆಯ ವಿಧಿಯಲ್ಲಿ ಬರೆದಿದೆ. ಅಂಥ ಕಾಯಿದೆ ಆಗಲಿಲ್ಲ. 1984ರಲ್ಲಿ ದಿಲ್ಲಿಯಲ್ಲಿ ನಡೆದ ಸಿಖ್ಖರ ಕೊಲೆಗಳ ಒಂದು ಮೊಕದ್ದಮೆಯಲ್ಲಿ, 2018ರ ದಶಂಬರ 17ರಂದು ದಿಲ್ಲಿಯ ಉಚ್ಚ ನ್ಯಾಯಾಲಯದವರು, ಜನಾಂಗಹತ್ಯೆಯಾಗಲಿ ಮಾನವಕುಲದ ವಿರುದ್ಧ ಅಪರಾಧವಾಗಲಿ ನಮ್ಮ ದಂಡಕಾನೂನಿನಲ್ಲಿ ಇಲ್ಲವೆಂದೂ ಈ ಕೊರತೆಯನ್ನು ಬೇಗನೆ ತುಂಬಬೇಕೆಂದೂ ಹೇಳಿದರು. 2024ರ ಜುಲೈ 1ರಿಂದ ನಡೆಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ಅಪರಾಧವಿಲ್ಲ. ಅದರ 103ನೆಯ ಕಲಮಿನಲ್ಲಿ ಒಂದು ಹೊಸ ಮಾತು ಮಾತ್ರ ಉಂಟು: ಐವರು ಅಥವಾ ಹೆಚ್ಚು ಮಂದಿ ಒಟ್ಟುಗೂಡಿ ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ಸ್ವಂತ ನಂಬಿಕೆ, ಇಲ್ಲವೆ ಅಂಥ ಬೇರೆ ಕಾರಣದಿಂದ ಕೊಲೆಮಾಡಿದರೆ ಮರಣ ಅಥವಾ ಜೀವಾವಧಿ ಶಿಕ್ಷೆ. ಮತ ಎಂಬ ಶಬ್ದವನ್ನು ಆ ಸಾಲಿನಲ್ಲಿ ಹುಡುಕಿದೆನು, ಸಿಕ್ಕಲಿಲ್ಲ. ನಂಬಿಕೆ, ಸಮುದಾಯ ಎಂಬ ಶಬ್ದಗಳ ನೆರಳಿನಲ್ಲಿ ಅದು ಇರಬೇಕು.

ಹಿರಿಯರು "ನಮ್ಮ ಹೆಸರು" ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಮತ ಮಾತ್ರವಲ್ಲ, ಕೇರಿ. 2000ನೆಯ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ದಲಿತರು ಏಳು ಮಂದಿ ಸುಟ್ಟು ಸತ್ತರು. 2006ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಏಳು ಜನರು ಸತ್ತದ್ದು ನಿಜ, ಕೊಂದವರು ಯಾರೂ ಇಲ್ಲ. ನಮಗೆ ಇನ್ನೂ ಸಮೀಪದ್ದು ಗಂಗಾವತಿ ತಾಲೂಕಿನ ಮರಕುಂಬಿ. 2014ರಲ್ಲಿ ಅಲ್ಲಿಯ ದಲಿತರ ಕೇರಿಗೆ ನುಗ್ಗಿ ಗುಡಿಸಲುಗಳಿಗೆ ಬೆಂಕಿಯಿಟ್ಟವರ ವಿಷಯದಲ್ಲಿ 2024ರ ಅಕ್ಟೋಬರ 24ರಂದು ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ಮೂವರಿಗೆ ಐದು ವರುಷದ ಶಿಕ್ಷೆಯನ್ನೂ ವಿಧಿಸಿತು. ಮೇಲ್ಮನವಿಯಲ್ಲಿ ಬಹುಮಂದಿಗೆ ಜಾಮೀನು ಸಿಕ್ಕಿತು. ಆ ಮೂವರಿಗೆ ಯಾಕೆ ಕಡಿಮೆ? ಅವರೂ ಪರಿಶಿಷ್ಟರ ಪಟ್ಟಿಯಲ್ಲಿದ್ದವರಾದ್ದರಿಂದ 1989ರ ದೌರ್ಜನ್ಯ ತಡೆ ಕಾಯಿದೆ ಅವರಿಗೆ ತಗಲಲಿಲ್ಲ. ಬೆಂಕಿ ಒಂದೇ; ಕಾಯಿದೆಯು ಮೊದಲು ಕೇಳಿದ್ದು ಹೆಸರನ್ನು.

ಆ 1989ರ ಕಾಯಿದೆಯೇ ನಮ್ಮ ದೇಶದಲ್ಲಿ ಗುಂಪಿನ ಹೆಸರು ಹಿಡಿದು ಕಾಯುವ ಕಾಯಿದೆಗಳಲ್ಲಿ ಮುಖ್ಯವಾದದ್ದು. ಅದರಿಂದ ಉಪಕಾರವಾಗಿದೆಯೆಂಬದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಯಾರು ಪರಿಶಿಷ್ಟ ಜಾತಿಯವರೆಂಬದನ್ನು 1950ರ ರಾಷ್ಟ್ರಪತಿಗಳ ಆಜ್ಞೆಯು ಹೇಳುವದು. ಅದರ ಮೂರನೆಯ ಪರಿಚ್ಛೇದದಲ್ಲಿ ಮೊದಲು ಹಿಂದೂಗಳಿಗೆ, 1956ರಿಂದ ಎಲ್ಲಾ ಸಿಖ್ಖರಿಗೂ, 1990ರಿಂದ ಬೌದ್ಧರಿಗೂ ಜಾಗ ದೊರಕಿತು. ಕ್ರೈಸ್ತನಿಗೂ ಮುಸಲ್ಮಾನನಿಗೂ ಅಲ್ಲಿ ಜಾಗವಿಲ್ಲ. ಪರಿಶಿಷ್ಟ ಪಂಗಡಗಳ ಆಜ್ಞೆಯಲ್ಲಿ ಮತದ ಈ ಷರತ್ತು ಇಲ್ಲವಾದ್ದರಿಂದ, ನಮ್ಮ ಸಭೆಗೆ ಸೇರಿದ ನಾಯಕರವನಿಗೆ ಆ ಆಜ್ಞೆಯಲ್ಲಿ ಇರುವ ಜಾಗವು ಅವನ ಪಕ್ಕದಲ್ಲಿ ಕೂತ ಮಾದಿಗರವನಿಗೆ ಇಲ್ಲ. 2007ರಲ್ಲಿ ರಂಗನಾಥ ಮಿಶ್ರ ಆಯೋಗವು ಆ ಪರಿಚ್ಛೇದವನ್ನು ತೆಗೆದುಹಾಕಬೇಕೆಂದು ಹೇಳಿತು. 2022ರಲ್ಲಿ ಇನ್ನೊಂದು ಆಯೋಗವನ್ನು ನೇಮಿಸಿದರು. 2025ರ ಏಪ್ರಿಲಿನಲ್ಲಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು, ಕ್ರೈಸ್ತನಾದ ಒಬ್ಬ ಪಾಳಕನು ಆ ದೌರ್ಜನ್ಯ ತಡೆ ಕಾಯಿದೆಯ ಆಶ್ರಯವನ್ನು ಬೇಡಲಾರನೆಂದು ತೀರ್ಪು ಕೊಟ್ಟಿತು. ಕ್ರೈಸ್ತರಲ್ಲಿ ಜಾತಿಯಿಲ್ಲವೆಂಬದು ಅದರ ಕಾರಣಗಳಲ್ಲೊಂದು. ಆ ಮಾತನ್ನು ನಾವೇ ಪ್ರಸಂಗಪೀಠದಿಂದ ಹೇಳುತ್ತೇವಾದ್ದರಿಂದ ಅದಕ್ಕೆ ಎದುರು ಹೇಳುವದು ಕಷ್ಟ. ಆದರೆ ಬಾವಿಯ ಕಟ್ಟೆಯಲ್ಲಿ ನಿಂತು ಬೈಯುವವನು ನಮ್ಮ ದೀಕ್ಷಾಸ್ನಾನದ ದಾಖಲೆಯನ್ನು ನೋಡಿ ಬೈಯುತ್ತಾನೆಯೇ? ರುವಾಂಡದ ವಿಷಯದಲ್ಲಿ ನ್ಯಾಯಾಧೀಶರು ಹೊಡೆಯುವವನ ಮನಸ್ಸಿನಲ್ಲಿದ್ದ ಹೆಸರನ್ನೂ ಕೇಳಿದರು. ಇಲ್ಲಿ ಹೊಡೆಸಿಕೊಂಡವನ ಹೆಸರು ಯಾವ ಪುಸ್ತಕದಲ್ಲಿದೆಯೆಂದು ಕೇಳುತ್ತಾರೆ.

ಹಾಗಾದರೆ ಎಲ್ಲಾ ಗುಂಪುಗಳ ಹೆಸರನ್ನೂ ಆ ದೊಡ್ಡ ಒಡಂಬಡಿಕೆಗೆ ಸೇರಿಸಬೇಕೋ? ಜಾತಿಯೂ ವಂಶದ ಭೇದವೇ ಎಂದು 2002ರಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ನಿವಾರಣಾ ಸಮಿತಿಯು ಹೇಳಿತು. ಜಾತಿ ಬೇರೆ, ಜನಾಂಗ ಬೇರೆ ಎಂಬದು ನಮ್ಮ ಸರಕಾರದ ವಾದ. ಜಾತಿಯನ್ನು ಸೇರಿಸಬೇಕೆಂದೇ ನನ್ನ ಅಭಿಪ್ರಾಯ. ಆದರೆ ಹೆಸರು ಸೇರಿದ ಮಾತ್ರಕ್ಕೆ ಮರಕುಂಬಿಯ ಬೆಂಕಿಯು ಜನಾಂಗಹತ್ಯೆ ಆಗುವದಿಲ್ಲ. ಒಂದು ಕುಲವನ್ನೇ ಇಲ್ಲದಂತೆ ಮಾಡುವ ಉದ್ದೇಶ ಬೇರೆ, ಅದನ್ನು ಕಾಲಕೆಳಗೆ ಇಟ್ಟುಕೊಳ್ಳುವ ಉದ್ದೇಶ ಬೇರೆ. ನಮ್ಮ ಊರುಗಳ ಒಡೆಯರಿಗೆ ಕೇರಿಯು ನಾಶವಾಗುವದು ಬೇಕಾಗಿರಲಿಲ್ಲ. ಗದ್ದೆಗೆ ಆಳುಗಳು ಬೇಕು. ಪ್ರತಿಯೊಂದು ಕ್ರೌರ್ಯಕ್ಕೂ ಆ ದೊಡ್ಡ ಮಾತನ್ನು ಎಸೆಯುವವರು ಹಾಮಾನನ ಪತ್ರಕ್ಕೆ ಇರುವ ಭಯಂಕರತೆಯನ್ನು ಕಡಿಮೆ ಮಾಡುತ್ತಾರೆ. ಜೊತೆಗೆ, ಕಾಲಕೆಳಗೆ ಇಟ್ಟುಕೊಳ್ಳುವದು ಅಷ್ಟು ದೊಡ್ಡದಲ್ಲವೆಂಬ ಸಮಾಧಾನವನ್ನೂ ಕೊಟ್ಟುಬಿಡುತ್ತಾರೆ.

ಅನ್ಯರ ಮೇಲೆ ಬೆರಳು ತೋರಿಸಿ ಮುಗಿಸುವದು ನ್ಯಾಯವಲ್ಲ. ಸೌಲನಿಗೆ ಅಮಾಲೇಕ್ಯರ ವಿಷಯವಾಗಿ ಬಂದ ಅಪ್ಪಣೆಯನ್ನು ಸಭೆಯಲ್ಲಿ ಓದುವಾಗ ನನ್ನ ಧ್ವನಿ ತಗ್ಗುತ್ತದೆ. ಅದಕ್ಕೆ ವೇದಶಾಸ್ತ್ರದ ಪಾಠಶಾಲೆಯಲ್ಲಿ ಹೇಳಿಕೊಟ್ಟ ಸಮಾಧಾನಗಳು ನನ್ನ ಟಿಪ್ಪಣಿ ಪುಸ್ತಕದಲ್ಲಿವೆ. ಇಪ್ಪತ್ತು ವರುಷವಾದರೂ ಮನಸ್ಸಿಗೆ ಹತ್ತಿಲ್ಲ.

ಇಷ್ಟನ್ನು ಕೂಡಿಸಿಕೊಂಡು, ಕುರುಗೋಡಿನ ಕಡೆ ಸಭೆಗೆ ಹೋದವನು ಬರುವಾಗ ಪುನಃ ಗಾಂಧಿನಗರಕ್ಕೆ ಹೋಗಿ ಆ ಹಿರಿಯರನ್ನು ಕಂಡೆನು. "ದೊಡ್ಡ ಒಡಂಬಡಿಕೆಯಲ್ಲಿ ಕ್ರೈಸ್ತರೆಂಬ ಹೆಸರಿನಿಂದ ನಾವು ಇದ್ದೇವೆ, ಕೇರಿಯ ಹೆಸರಿನಿಂದ ಇಲ್ಲ. ನಮ್ಮ ದೇಶದ ಕಾಯಿದೆಯಲ್ಲಿ ಕೇರಿಯ ಹೆಸರುಂಟು, ಕ್ರೈಸ್ತರಾದ ಮೇಲೆ ಆ ಹೆಸರು ನಮ್ಮದಲ್ಲ" ಎಂದೆನು. ಅವರು ಬಹಳ ಹೊತ್ತು ಸುಮ್ಮನೆ ಇದ್ದರು. ಆಮೇಲೆ ಒಳಗಿನಿಂದ ಒಂದು ಕಾಗದವನ್ನು ತರಿಸಿದರು. ಮೊಮ್ಮಗನನ್ನು ಜೂನಿನಲ್ಲಿ ದೊಡ್ಡ ಶಾಲೆಗೆ ಸೇರಿಸುವ ಅರ್ಜಿ ಅದು. ಹುಡುಗನು ತನ್ನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಲ್ಲವನ್ನೂ ದುಂಡಗೆ ಬರೆದಿದ್ದನು. ಮತ, ಜಾತಿ ಎಂಬ ಎರಡು ಸಾಲುಗಳನ್ನು ಮಾತ್ರ ಬಿಟ್ಟಿದ್ದನು. "ನೀವೇ ಬರೀರಿ, ಅಯ್ಯನವರೇ" ಎಂದು ಹಿರಿಯರು ಲೇಖನಿಯನ್ನು ನನ್ನ ಕಡೆಗೆ ಚಾಚಿದರು. ಮೊದಲನೆಯ ಸಾಲನ್ನು ತುಂಬಿದೆನು. ಎರಡನೆಯದರ ಮುಂದೆ ಲೇಖನಿಯನ್ನು ಹಿಡಿದುಕೊಂಡು ಕೂತಿರುವಾಗ ಸಿರುಗುಪ್ಪದ ಮೋಟಾರಿಗೆ ಹೊತ್ತಾಯಿತೆಂದು ಮಗಳು ಬಂದು ಕರೆದಳು.